ಟೋಟಲ್ ಲಾಸ್ ಆಗಿ ರಿಪೇರಿಯಾದ ಕಾರು: ತಗೊಳ್ಳಬೇಕಾ, ಬಿಡಬೇಕಾ?

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಮಗ ಹಾಸನದಲ್ಲಿ ಒಂದು ಕಾರು ನೋಡಿ ಬಂದ. ಏಳು ವರ್ಷ ಹಳೆಯದು, ಕೆಎ-01 ನಂಬರು, ಬಣ್ಣ ಫಳಫಳ ಹೊಳೆಯುತ್ತಿತ್ತು. ರೇಟು ಮಾತ್ರ ಬೇರೆ ಕಡೆಗಿಂತ ಒಂದು ಲಕ್ಷ ಕಡಿಮೆ. "ಅಣ್ಣಾ, ಟೋಟಲ್ ಲಾಸ್ ಆಗಿ ರೆಡಿ ಮಾಡಿದ ಗಾಡಿಯಂತೆ, ಅವರೇ ಹೇಳಿದ್ರು. ತಗೊಳ್ಳಲಾ?" ಎಂದು ಫೋನ್ ಮಾಡಿದ. ಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ನೋಡದೆ ಬೇಡ ಅನ್ನುವುದೂ ತಪ್ಪು, ನೋಡದೆ ತಗೊಳ್ಳುವುದೂ ತಪ್ಪು. ಭಾನುವಾರ ಬೆಳಿಗ್ಗೆ ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹೋಗಿ, ಅರ್ಧ ದಿನ ಕೂತು ಆ ಕಾರನ್ನು ಇಬ್ಬರೂ ಸೇರಿ ನೋಡಿದೆವು. ಹೇಗೆ ನೋಡಿದೆವು ಅನ್ನುವುದನ್ನೇ ಬರೆಯುತ್ತಿದ್ದೇನೆ.

ಮೊದಲು ಟೋಟಲ್ ಲಾಸ್ ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಳ್ಳಿ. ಗಾಡಿ ಪುಡಿಪುಡಿಯಾಗಿದೆ ಅಂತ ಅರ್ಥ ಅಲ್ಲ. ರಿಪೇರಿ ಖರ್ಚು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆಯ, 75 ಪರ್ಸೆಂಟ್ ದಾಟಿದರೆ ಇನ್ಶೂರೆನ್ಸ್ ಕಂಪನಿ ಅದನ್ನು ಟೋಟಲ್ ಲಾಸ್ ಅನ್ನುತ್ತದೆ. ಮಾಲೀಕರಿಗೆ ದುಡ್ಡು ಕೊಡುತ್ತದೆ, ಗಾಡಿ ಹರಾಜಿಗೆ ಹೋಗುತ್ತದೆ. ಹರಾಜಿನಲ್ಲಿ ಹಿಡಿದವರು ರಿಪೇರಿ ಮಾಡಿಸಿ ಮಾರುತ್ತಾರೆ. ಅಮೆರಿಕದಲ್ಲಿ ಇಂಥ ಗಾಡಿಯ ದಾಖಲೆಯ ಮೇಲೆ ಸಾಲ್ವೇಜ್ ಅಂತ ಬರೆಯುತ್ತಾರೆ, ರಿಪೇರಿಯಾಗಿ ತಪಾಸಣೆ ಮುಗಿದ ಮೇಲೆ ರೀಬಿಲ್ಟ್ ಅಂತ ಬರೆಯುತ್ತಾರೆ. ನಮ್ಮ ಆರ್‌ಸಿಯಲ್ಲಿ ಅಂಥದ್ದೊಂದು ಕಾಲಮ್ಮೇ ಇಲ್ಲ. ಹಾಗಾಗಿ ಮಾರುವವರು ತಾವಾಗಿ ಹೇಳಿದರೆ ಅದನ್ನು ಒಳ್ಳೆಯ ಲಕ್ಷಣ ಅಂತಲೇ ಇಟ್ಟುಕೊಳ್ಳಿ, ಹೇಳದೆ ಮಾರುವವರೇ ಜಾಸ್ತಿ.

ಈಗ ಲೆಕ್ಕ ನೋಡಿ, ಬಹಳ ಜನ ಎಡವುವುದು ಇಲ್ಲೇ. ಒಂದು ವರ್ಷದ ಹೊಸ ಕಾರು, ಐಡಿವಿ 8 ಲಕ್ಷ ಅಂತ ಇಟ್ಟುಕೊಳ್ಳಿ. ಅದು ಟೋಟಲ್ ಲಾಸ್ ಆಗಬೇಕಾದರೆ ರಿಪೇರಿ ಎಸ್ಟಿಮೇಟ್ 6 ಲಕ್ಷ ದಾಟಬೇಕು. ಅಷ್ಟು ಆಗಬೇಕು ಅಂದರೆ ಗಾಡಿಯ ಮೂಳೆಯೇ ಮುರಿದಿರಬೇಕು, ಇಲ್ಲವೇ ಪೂರ್ತಿ ನೀರಿನಲ್ಲಿ ಮುಳುಗಿರಬೇಕು. ಅದೇ ಆರು ವರ್ಷದ ಕಾರಿನ ಐಡಿವಿ 3 ಲಕ್ಷ ಇದ್ದರೆ 2 ಲಕ್ಷ 25 ಸಾವಿರಕ್ಕೇ ಕಥೆ ಮುಗಿಯಿತು. ಬಂಪರ್, ಬಾನೆಟ್, ಎರಡು ಹೆಡ್‌ಲೈಟ್, ರೇಡಿಯೇಟರ್, ಎಸಿ ಕಂಡೆನ್ಸರ್, ಒಂದೆರಡು ಏರ್‌ಬ್ಯಾಗ್, ಮೇಲೆ ಲೇಬರ್ ಮತ್ತು ಜಿಎಸ್‌ಟಿ ಹಾಕಿದರೆ ಷೋರೂಮಿನ ಎಸ್ಟಿಮೇಟ್ ಆರಾಮಾಗಿ ಅಲ್ಲಿಗೆ ಮುಟ್ಟುತ್ತದೆ. ಅದೇ ಕೆಲಸ ಹೊರಗಿನ ಗ್ಯಾರೇಜಿನಲ್ಲಿ, ಶಿವಾಜಿನಗರದ ಹಳೇ ಸ್ಪೇರ್ಸ್ ತಂದು ಹಾಕಿದರೆ ಎಷ್ಟೋ ಕಡಿಮೆಗೆ ಆಗುತ್ತದೆ. ಅಂದರೆ ಗಾಡಿ ಹಳೆಯದಾದಷ್ಟೂ ಸಣ್ಣ ಪೆಟ್ಟಿಗೇ ಟೋಟಲ್ ಲಾಸ್ ಆಗುತ್ತದೆ. ಹೊಸ ಗಾಡಿ ಟೋಟಲ್ ಲಾಸ್ ಆಗಿದೆ ಅಂದರೆ ಪೆಟ್ಟು ದೊಡ್ಡದೇ. ಎರಡು ವರ್ಷದೊಳಗೆ ಟೋಟಲ್ ಲಾಸ್ ಆದ ಕಾರನ್ನು ನಾನು ಎಷ್ಟು ಕಡಿಮೆಗೆ ಕೊಟ್ಟರೂ ಮುಟ್ಟುವುದಿಲ್ಲ.

ಚರ್ಮವಾ, ಮೂಳೆಯಾ?

ಬಂಪರ್, ಫೆಂಡರ್, ಬಾನೆಟ್, ಡೋರು, ಗ್ಲಾಸು, ಇವೆಲ್ಲ ಚರ್ಮ. ಬೋಲ್ಟ್ ಬಿಚ್ಚಿ ಬೇರೆ ಹಾಕಬಹುದು, ಅದರಿಂದ ಏನೂ ತೊಂದರೆ ಇಲ್ಲ. ಏಪ್ರನ್ (ಬಾನೆಟ್ ಒಳಗೆ ಎರಡೂ ಪಕ್ಕ ಚಕ್ರದ ಮೇಲೆ ಬರುವ ತಗಡು), ಪಿಲ್ಲರ್ (ಛಾವಣಿ ಹೊರುವ ಕಂಬ), ಕೆಳಗಿನ ಚಾಸಿ ಮೆಂಬರ್ (ಗಾಡಿಯ ಭಾರ ಹೊರುವ ಉದ್ದನೆಯ ತೊಲೆ) ಮೂಳೆ. ಬಾನೆಟ್ ಎತ್ತಿ ಎರಡೂ ಕಡೆಯ ಏಪ್ರನ್ ನೋಡಿ. ಕಂಪನಿಯ ಸ್ಪಾಟ್ ವೆಲ್ಡಿಂಗ್ ಆದರೆ ಸಣ್ಣ ಸಣ್ಣ ಗುಂಡಗಿನ ಗುರುತುಗಳು ಒಂದೇ ಅಂತರದಲ್ಲಿ ಸಾಲಾಗಿ ಇರುತ್ತವೆ, ಎಡಗಡೆ ಹೇಗೋ ಬಲಗಡೆಯೂ ಹಾಗೇ. ಕೈಯಲ್ಲಿ ವೆಲ್ಡ್ ಮಾಡಿದ್ದು ಗಂಟು ಗಂಟಾಗಿ ಕಾಣುತ್ತದೆ, ಮೇಲೆ ಸೀಲೆಂಟ್ ಮೆತ್ತಿರುತ್ತಾರೆ. ಡೋರಿನ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆದು ಪಿಲ್ಲರಿನ ಅಂಚು ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಗುಂಡಿಯ ತಳ ನೋಡಿ, ಹಿಂದಿನಿಂದ ಗುದ್ದಿದ್ದರೆ ತಗಡು ಸುಕ್ಕು ಬಿದ್ದಿರುತ್ತದೆ.

ಮೂಳೆ ಕತ್ತರಿಸಿ ಜಾಯಿಂಟ್ ಮಾಡಿದ್ದು ಕಂಡರೆ ಅಲ್ಲಿಗೆ ಬಿಟ್ಟು ಎದ್ದು ಬನ್ನಿ. ಮುಂದಿನ ಮೆಂಬರನ್ನು ಕಂಪನಿಯವರು ಗುದ್ದಿದಾಗ ಮಡಚಿಕೊಂಡು ಪೆಟ್ಟು ನುಂಗಲಿ ಅಂತಲೇ ಮಾಡಿರುತ್ತಾರೆ. ಒಂದು ಸಲ ಮಡಚಿದ್ದನ್ನು ಕಾಯಿಸಿ, ಎಳೆದು ನೆಟ್ಟಗೆ ಮಾಡಿದರೆ ನೋಡಲು ಸರಿಹೋಗುತ್ತದೆ, ಎರಡನೇ ಸಲ ಅದೇ ಥರ ಮಡಚುವುದಿಲ್ಲ. ನಾವು ಓಡಾಡುವುದು ಚಾರ್ಮಾಡಿ, ಶಿರಾಡಿ ರಸ್ತೆಗಳಲ್ಲಿ. ಮಳೆಗಾಲದ ಮಂಜಿನಲ್ಲಿ ಎದುರಿಗೆ ಲಾರಿ ಬರುವ ರಸ್ತೆ ಅದು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತೇವೆ ಅಲ್ವಾ.

ಇನ್ನು ಗ್ಲಾಸು. ಪ್ರತಿ ಗ್ಲಾಸಿನ ಮೂಲೆಯಲ್ಲೂ ತಯಾರಾದ ವರ್ಷದ ಗುರುತು ಇರುತ್ತದೆ, ಸೀಟ್ ಬೆಲ್ಟಿನ ಬುಡದ ಚೀಟಿಯಲ್ಲೂ ಸಾಮಾನ್ಯವಾಗಿ ಇರುತ್ತದೆ. ಯಾವುದು ಹೊಂದುವುದಿಲ್ಲವೋ ಪೆಟ್ಟು ಬಿದ್ದಿದ್ದು ಆ ಕಡೆ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ತಗಡಿನ ಭಾಗದ ಮೇಲೆ ಅದು ಹಿಡಿಯದಿದ್ದರೆ ಒಳಗೆ ಪುಟ್ಟಿ ದಪ್ಪಗಿದೆ.

ನೀರು ಕುಡಿದ ಗಾಡಿ

ನನಗೆ ಅಪಘಾತದ ಗಾಡಿಗಿಂತ ಇದರ ಭಯ ಜಾಸ್ತಿ. 2015ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟಿನಲ್ಲಿ ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ, ಎಲ್ಲ ಕಡೆ ಕಾರುಗಳು ಮುಳುಗಿದವು. ಆ ಊರುಗಳ ನಂಬರಿನ ಗಾಡಿ ಆ ದಿನಾಂಕದ ನಂತರ ಕೆಲವೇ ತಿಂಗಳಲ್ಲಿ ಕೈ ಬದಲಾಗಿದ್ದರೆ ಯಾಕೆ ಅಂತ ಕೇಳಿ.

ನಮ್ಮ ಕಡೆ ಒಂದು ತೊಂದರೆ ಇದೆ. ಮಲೆನಾಡಿನಲ್ಲಿ ಜುಲೈ, ಆಗಸ್ಟಿನಲ್ಲಿ ಯಾವ ಕಾರಿನ ಬಾಗಿಲು ತೆಗೆದರೂ ಮುಗ್ಗಲು ವಾಸನೆ, ಸೀಟಿನ ಮೇಲೆ ಬೂಷ್ಟು. ತೋಟದ ರಸ್ತೆಯಲ್ಲಿ ಓಡಿದ ಗಾಡಿಯ ಕೆಳಗೆ ಕೆಸರು, ತುಕ್ಕು ಇರುವುದೂ ಸಹಜ. ಬೇರೆ ಊರಿನವರು ಹೇಳುವ ವಾಸನೆಯ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. ಬೂಷ್ಟು ಮೇಲೆ ಕೂರುತ್ತದೆ, ಪ್ರವಾಹದ ಮಣ್ಣು ಒಳಗೆ ಕೂರುತ್ತದೆ. ಅಷ್ಟು ನೆನಪಿಟ್ಟುಕೊಂಡು ಒಳಗೆ ಹುಡುಕಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಸುರುಳಿಯೊಳಗಿನ ತುದಿಯಲ್ಲಿ ನುಣುಪಾದ ಮಣ್ಣಿನ ಗೆರೆ ಇದೆಯಾ ನೋಡಿ. ಸೀಟಿನ ಕೆಳಗಿನ ರೈಲು, ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯಾ ನೋಡಿ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ, ಮೊಬೈಲ್ ಟಾರ್ಚ್ ಬಿಟ್ಟು, ವೈರಿನ ಕನೆಕ್ಟರ್ ಒಂದೆರಡು ಬಿಚ್ಚಿಸಿ. ಒಳಗೆ ಹಸಿರು ಕಿಲುಬು ಕಟ್ಟಿದ್ದರೆ ಆ ಗಾಡಿ ಇವತ್ತು ಓಡುತ್ತದೆ, ಆರು ತಿಂಗಳ ಮೇಲೆ ಒಂದೊಂದೇ ಸೆನ್ಸರ್ ಕೈಕೊಡುತ್ತದೆ. ಅದಕ್ಕೆ ಕೊನೆಯೇ ಇಲ್ಲ. ಬೇಡ.

ಕಾಗದ

ಸರ್ಕಾರದ ವಾಹನ್ ಸೈಟಿನಲ್ಲಿ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ಆರ್‌ಸಿ ಚಾಲ್ತಿಯಲ್ಲಿ ಇದೆಯಾ, ಸಾಲ ಬಾಕಿ ಇದೆಯಾ, ಇನ್ಶೂರೆನ್ಸ್ ಎಂದಿನವರೆಗೆ ಅಂತ ನೋಡಿ. ಆರ್‌ಸಿ ರದ್ದಾಗಿದ್ದರೆ ಅದು ಕಾರಲ್ಲ, ಗುಜರಿ.

ಇದಕ್ಕಿಂತ ದೊಡ್ಡ ಮೋಸ ಒಂದಿದೆ. ನಜ್ಜುಗುಜ್ಜಾದ ಗಾಡಿಯನ್ನು ಬರೀ ಆರ್‌ಸಿ, ಚಾಸಿ ನಂಬರಿಗಾಗಿ ಕೊಂಡು, ಅದೇ ಮಾಡೆಲ್ಲಿನ ಕದ್ದ ಗಾಡಿಗೆ ಆ ನಂಬರು ಕೂರಿಸುತ್ತಾರೆ. ಚಾಸಿ ನಂಬರ್ 17 ಅಕ್ಷರ ಮತ್ತು ಅಂಕಿ ಇರುತ್ತದೆ, ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ. ಅದರ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ. ಅಕ್ಷರ ಏರುಪೇರಾಗಿದ್ದರೆ, ಸುತ್ತ ಗ್ರೈಂಡ್ ಮಾಡಿದ ಗುರುತು ಇದ್ದರೆ ಮಾತು ಬೆಳೆಸದೆ ಹೊರಡಿ. ಕಳವಾದ ಗಾಡಿಯಾ ಅಂತ ನೋಡಲು ಎನ್‌ಸಿಆರ್‌ಬಿಯ, ಅಂದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ, ವಾಹನ್ ಸಮನ್ವಯ್ ಅನ್ನುವ ಆನ್‌ಲೈನ್ ಸೇವೆ ಇದೆ.

ಮಾರುವವರ ಹತ್ತಿರ ಅಪಘಾತವಾದಾಗಿನ ಫೋಟೋ, ಇನ್ಶೂರೆನ್ಸಿನ ಸರ್ವೇಯರ್ ನಷ್ಟದ ಲೆಕ್ಕ ಬರೆದ ರಿಪೋರ್ಟ್, ಹರಾಜಿನ ಕಾಗದ, ರಿಪೇರಿ ಬಿಲ್ಲು ಕೇಳಿ. ಫೋಟೋ ಒಂದು ಸಿಕ್ಕರೆ ಅರ್ಧ ಅನುಮಾನ ಹೋಗುತ್ತದೆ. ಹೊರರಾಜ್ಯದ ಗಾಡಿಯಾದರೆ ಅಲ್ಲಿಯ ಆರ್‌ಟಿಓ ಕೊಡುವ ಫಾರ್ಮ್ 28ರ ಎನ್‌ಒಸಿ ಬೇಕು, ಇಲ್ಲಿಯ ಲೈಫ್‌ಟೈಮ್ ಟ್ಯಾಕ್ಸ್ ಬೇರೆ, ಅದನ್ನೂ ರೇಟಿಗೆ ಸೇರಿಸಿಕೊಳ್ಳಿ. ಹೆಸರು ಬದಲಾಯಿಸುವ ಫಾರ್ಮ್ 29, 30ಕ್ಕೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರೇ ಸಹಿ ಹಾಕಬೇಕು. ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಮತ್ತೆ ದುಡ್ಡು ಕೊಡುವ ಮೊದಲೇ ಇನ್ಶೂರೆನ್ಸಿನವರನ್ನು ಕೇಳಿ, ಥರ್ಡ್ ಪಾರ್ಟಿ ಮಾತ್ರ ಅಲ್ಲ, ಫುಲ್ ಪಾಲಿಸಿ ಕೊಡುತ್ತಾರಾ, ಐಡಿವಿ ಎಷ್ಟು ಹಾಕುತ್ತಾರೆ ಅಂತ. ಅವರು ಇನ್‌ಸ್ಪೆಕ್ಷನ್ ಮಾಡಿ ಆಗಲ್ಲ ಅಂದರೆ ನಿಮಗೂ ಆಗಲ್ಲ.

ಓಡಿಸಿ ನೋಡುವುದು ಊರೊಳಗೆ ಸಾಲದು. ಹಾಸನದಲ್ಲಾದರೆ ಬೈಪಾಸಿಗೆ ತನ್ನಿ, ನೆಟ್ಟಗಿನ ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಸಡಿಲ ಹಿಡಿದಾಗ ಒಂದು ಪಕ್ಕಕ್ಕೆ ಎಳೆಯುತ್ತದಾ ನೋಡಿ. ಚಿಕ್ಕಮಗಳೂರಿನಲ್ಲಾದರೆ ಕೈಮರದಿಂದ ಮೇಲಕ್ಕೆ ಹತ್ತಿಸಿ, ಎಂಜಿನ್ ಹೀಟ್ ಆಗುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ.

ರೇಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು: ಅದೇ ವರ್ಷದ, ಅದೇ ಮಾಡೆಲ್ಲಿನ ಒಳ್ಳೆಯ ಗಾಡಿಗಿಂತ ಮೂರನೇ ಒಂದು ಭಾಗವಾದರೂ ಕಡಿಮೆ ಇರಬೇಕು. ನಾಳೆ ನೀವು ಮಾರುವಾಗಲೂ ಇದೇ ಕಥೆ ಹೇಳಬೇಕು, ಕೊಳ್ಳುವವರೂ ಇಷ್ಟೇ ಕಡಿಮೆಗೆ ಕೇಳುತ್ತಾರೆ. ಐದಾರು ವರ್ಷ ಇಟ್ಟುಕೊಳ್ಳುವವರಿಗೆ ಇದು ಸರಿ, ಎರಡು ವರ್ಷಕ್ಕೆ ಬದಲಾಯಿಸುವವರಿಗೆ ಅಲ್ಲ.

ನಮ್ಮ ಹುಡುಗ ನೋಡಿದ ಕಾರಿನಲ್ಲಿ ಏಪ್ರನ್ ಎರಡೂ ಕಂಪನಿಯದೇ ಇದ್ದವು, ಮಣ್ಣಿನ ಸುಳಿವಿರಲಿಲ್ಲ, ಫೋಟೋಗಳೂ ಇದ್ದವು. ಕೀ ತಿರುಗಿಸಿದಾಗ ಮಾತ್ರ ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲ. ಅದು ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತದೇ ಇದ್ದರೆ ದೀಪವನ್ನೇ ಕಿತ್ತಿದ್ದಾರೆ ಅನ್ನುವ ಅನುಮಾನ, ಸ್ಟೇರಿಂಗಿನೊಳಗೆ ಬ್ಯಾಗ್ ಇಲ್ಲದೆಯೂ ಇರಬಹುದು. ಹೊಸ ಏರ್‌ಬ್ಯಾಗ್ ಹಾಕಿಸಿ ಷೋರೂಮಿನ ಬಿಲ್ಲು, ಸ್ಕ್ಯಾನ್ ರಿಪೋರ್ಟ್ ತೋರಿಸಿದರೆ ಬರುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಬಂದೆವು. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.