ಮಳೆಗಾಲದ ನೊಣ: ಮೊದ್ಲು ಚಟ್ನಿ ಮುಚ್ಚಿ

ನಾವಿರೋದು ಮುಂಬಯಿ ಚೆಂಬೂರಲ್ಲಿ, ದೇವನಾರ್ ಡಂಪಿಂಗ್ ಗ್ರೌಂಡ್ ಏನೂ ದೂರ ಇಲ್ಲ, ಜೂನ್ ಮಳೆ ಬಿದ್ದು ವಾರ ಆಯ್ತಂದ್ರೆ ಅಡುಗೆಮನೆ ತುಂಬ ನೊಣ. ಊರಿಂದ ಬಂದ ಅತ್ತೆ "ಓಡ್ಸಿ ತಿಂದ್ರಾಯ್ತಪ್ಪ" ಅಂತಾರೆ. ಆದ್ರೆ ನೊಣಕ್ಕೆ ಅಗಿಯೋಕೆ ಬಾಯಿಲ್ಲ, ಗಟ್ಟಿ ಪದಾರ್ಥದ ಮೇಲೆ ಎಂಜಲು ಬಿಟ್ಟು, ಹೊಟ್ಟೇಲಿದ್ದಿದ್ದನ್ನ ಚೂರು ಕಕ್ಕಿ, ಕರಗಿಸಿ ಹೀರತ್ತೆ, ಹೋಗ್ತಾ ಅಲ್ಲೇ ಹೇತೂ ಹೋಗತ್ತೆ. ಅದಕ್ಕೂ ಮುಂಚೆ ಕೂತಿದ್ದೆಲ್ಲಿ? ಗಟಾರದಲ್ಲೋ ಕೋಳಿ ಅಂಗಡಿ ಕಚರಾದಲ್ಲೋ. ಕೋಳಿ ಫಾರ್ಮಲ್ಲಿ ಆಂಟಿಬಯಾಟಿಕ್ ಹಾಕಿ ಹಾಕಿ ಔಷಧಿಗೆ ಬಗ್ಗದ ಇ-ಕೋಲೈ ತರದ ಬ್ಯಾಕ್ಟೀರಿಯಾ ಅಲ್ಲಿ ಬೆಳ್ದಿರತ್ತೆ (ಕೊಲಿಸ್ಟಿನ್ ಅನ್ನೋ ಆಂಟಿಬಯಾಟಿಕ್ಕನ್ನ ಸರ್ಕಾರ 2019ರಲ್ಲಿ ಫಾರ್ಮ್‌ಗಳಿಗೆ ಬ್ಯಾನ್ ಮಾಡ್ತು). ನೊಣದ ಹೊಟ್ಟೇಲಿ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಔಷಧಿಗೆ ಬಗ್ಗದ ಆ ಶಕ್ತಿಯ ಜೀನ್ ದಾಟಿಸೋದೂ ಉಂಟು.

ಗಾಬರಿ ಬೇಡ. ಮಾತ್ರೆಗೆ ಬಗ್ಗದ್ದು ಬೆಂಕಿಗೆ ಬಗ್ಗತ್ತೆ, ಸೋಪಿಗೂ ಬಗ್ಗತ್ತೆ. ಕುದಿಯೋ ಸಾಂಬಾರ್ ಮೇಲೆ ಕಣ್ಣಿಡೋದು ಬಿಡಿ, ಮತ್ತೆ ಬಿಸಿ ಮಾಡದೆ ತಿನ್ನೋದನ್ನ ಕಾಯಿರಿ: ಚಟ್ನಿ, ಕೋಸಂಬರಿ, ಮೊಸರು, ಹೆಚ್ಚಿಟ್ಟ ಮಾವಿನಹಣ್ಣು, ಮಗು ಬಾಟ್ಲಿ ನಿಪ್ಪಲ್. ಮುಚ್ಚಳ ಇರೋ ಡಬ್ಬಿ ಬೆಸ್ಟು, ಜಾಲರಿಯಾದ್ರೆ ಅನ್ನಕ್ಕೆ ತಾಗ್ದಂಗೆ ಎತ್ತರ ಇರ್ಲಿ, ತಾಗಿದ್ರೆ ತೂತಿಂದಾನೇ ಕೆಲ್ಸ ಮುಗಿಸತ್ತೆ.

ಊಟಕ್ಕೆ ಕೂತಾಗ ಟೇಬಲ್ ಫ್ಯಾನ್ ತಟ್ಟೆ ಕಡೆ ತಿರುಗ್ಸಿ, ಜೋರು ಗಾಳೀಲಿ ನೊಣಕ್ಕೆ ಕೂರೋಕೆ ಕಷ್ಟ. ಒಂದು ಲೋಟದಲ್ಲಿ ಬೆಲ್ಲದ ನೀರು, ಸ್ವಲ್ಪ ವಿನೆಗರ್, ಎರಡು ಹನಿ ಪಾತ್ರೆ ಲಿಕ್ವಿಡ್ ಹಾಕಿ ಕಿಟಕಿ ಹತ್ರ ಇಟ್ರೆ ಒಂದಷ್ಟು ಬಿದ್ದು ಮುಳುಗ್ತವೆ. ನಿಂಬೆಹಣ್ಣಿಗೆ ಲವಂಗ ಚುಚ್ಚಿಡೋದು ನಾನೂ ಮಾಡ್ದೆ, ನೊಣ ಬಂದು ಅದರ ಮೇಲೇ ಕೂತ್ವು. ಸ್ಪ್ರೇ ಅಡುಗೆಮನೇಲಿ ಬೇಡವೇ ಬೇಡ, ಎಷ್ಟೋ ಕಡೆ ನೊಣಗಳಿಗೂ ಅದು ಅಭ್ಯಾಸ ಆಗೋಗಿದೆ.

ನಿಜವಾದ ಯುದ್ಧ ಓಲಾ ಕಚರಾ, ಅಂದ್ರೆ ಹಸಿ ಕಸದ ಡಬ್ಬೀದು. ಒಂದು ನೊಣ ಒಂದೇ ಸಲಕ್ಕೆ ನೂರರಷ್ಟು ಮೊಟ್ಟೆ ಇಡತ್ತೆ, ನಮ್ಮ ಸೆಕೆಗೆ ಮೊಟ್ಟೆಯಿಂದ ಹಾರೋ ನೊಣ ಆಗೋಕೆ 7-10 ದಿನ ಸಾಕು. ದಿನಾ ಖಾಲಿ ಮಾಡಿದ್ರೂ ತಳದಲ್ಲಿ ಅಂಟಿರೋ ಗಸಿ ಹಂಗೇ ಇದ್ರೆ ಪ್ರಯೋಜನ ಇಲ್ಲ, ಎರಡು ದಿನಕ್ಕೊಮ್ಮೆ ಸೋಪು ಹಾಕಿ ಉಜ್ಜಿ, ಬಿಸ್ಲಿದ್ರೆ ಬೋರಲು ಹಾಕಿ ಒಣಗ್ಸಿ. ಸೊಸೈಟಿ ಕೆಳಗಿನ ದೊಡ್ಡ ಡಬ್ಬದ ಮುಚ್ಚಳ ಮುರ್ದಿದ್ರೆ ಮೀಟಿಂಗಲ್ಲಿ ಜಗಳ ಆಡಿ, ನೀವೊಬ್ರೇ ಮನೆ ತೊಳೆದ್ರೆ ಏನೂ ಆಗಲ್ಲ, ನೊಣ ಕಿಲೋಮೀಟರ್‌ಗಟ್ಲೆ ಹಾರತ್ತೆ.

ಇಷ್ಟೆಲ್ಲ ಮಾಡಿನೂ ಹೊಟ್ಟೆ ಕೆಟ್ರೆ ಮೊದ್ಲು ಓಆರ್‌ಎಸ್. ಕೆಂಪು ಗೆರೆ ಇರೋ ಸ್ಟ್ರಿಪ್ (ಆಂಟಿಬಯಾಟಿಕ್ ತರದ ಮಾತ್ರೆ) ಡಾಕ್ಟ್ರು ಬರೀದೆ ನುಂಗ್ಬೇಡಿ. ಜ್ವರ, ರಕ್ತ ಕಂಡ್ರೆ, ಮಕ್ಕಳು ವಯಸ್ಸಾದೋರು ಸುಸ್ತಾದ್ರೆ ತಡ ಮಾಡ್ದೆ ತೋರ್ಸಿ.

ಆಮೇಲೆ ಭಾನುವಾರದ ಬಂಗಡೆ. ತಲೆ, ಕರುಳು ಎಲ್ಲ ಪ್ಲಾಸ್ಟಿಕ್ಕಲ್ಲಿ ಗಂಟು ಕಟ್ಟಿ ಫ್ರೀಜರಲ್ಲಿಟ್ಟು ಬೆಳಿಗ್ಗೆ ಕಚರಾದವ್ನು ಬಂದಾಗ ಕವರಿಂದ ಸುರಿದು ಕೊಡಿ, ನಮ್ಮನೇಲಿ ಇದಕ್ಕೆ ಎರಡು ದಿನ ಮಾತೇ ನಿಂತಿತ್ತು, ಈಗ ಐಸ್ ಟ್ರೇ ಪಕ್ಕ ಅದಕ್ಕೊಂದು ಬೇರೆ ಡಬ್ಬಿ ಸಿಕ್ಕಿದೆ.