ಟೊಳ್ಳು ಮೊಟ್ಟೆ ಮೇಲೆ ಪಿಸಂಕಾ: ಆಗಲ್ಲ ಅಂದಿದ್ದು ಆಯ್ತು

"ಖಾಲಿ ಮೊಟ್ಟೆ ಮೇಲೆ ಬರೆಯೋಕಾಗಲ್ಲ. ಬಣ್ಣದಲ್ಲಿ ಮುಳುಗಲ್ಲ. ಮೇಣ ಬಿಡಿಸೋವಾಗ ಒಳಗಿಂದ ಕಪ್ಪು ಉಗುಳುತ್ತೆ." ಪಿಸಂಕಾ ಅಂದರೆ ಮೊಟ್ಟೆ ಮೇಲೆ ಕರಗಿದ ಜೇನುಮೇಣದಲ್ಲಿ ಚಿತ್ರ ಬರೆದು, ಬಣ್ಣದಲ್ಲಿ ಅದ್ದಿ, ಕೊನೆಗೆ ಮೇಣ ಕರಗಿಸಿ ಒರೆಸುವ ಉಕ್ರೇನಿನ ಕಲೆ. ಟೊಳ್ಳು ಮೊಟ್ಟೆ ವಿಷಯದಲ್ಲಿ ಮೂರು ವರ್ಷ ಇದನ್ನೇ ಕೇಳಿದ್ದೇನೆ. ಕಲಿಸಿದವರೂ ಹೇಳಿದರು, ಜೊತೆಗೆ ಕೂತು ಬರೆಯುವವರೂ ಹೇಳಿದರು. ಈ ಸಲ ಈಸ್ಟರ್‌ಗೆ ಮುಂಚೆ ಸುಮಾರು ನಲವತ್ತು ಮೊಟ್ಟೆ ಬರೆದೆ. ಎಲ್ಲವೂ ಮೊದಲೇ ಟೊಳ್ಳು ಮಾಡಿದ್ದು. ಮೂವತ್ತೇಳೋ ಮೂವತ್ತೆಂಟೋ ಚೊಕ್ಕವಾಗಿ ಬಂದವು. ಈಗ ಅದೇ ಜನ ಫೋನ್ ಮಾಡಿ "ಹೇಗೆ ಮಾಡಿದೆ" ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬೇರೆ ಕಡೆ ಹೀಗೆ ಮಾಡುವವರು ಇದ್ದಾರೆ ಅಂತ ಆಮೇಲೆ ಗೊತ್ತಾಯಿತು. ಆದರೆ ನಾನು ಕಲಿತಿದ್ದು ಯಾರನ್ನೂ ನೋಡಿ ಅಲ್ಲ, ಒಡೆದು ಒಡೆದು ಕಲಿತಿದ್ದು.

ನಾನಿರೋದು ಎಡ್ಮಂಟನ್‌ನಲ್ಲಿ. 1891ರಿಂದ ಉಕ್ರೇನಿನ ರೈತರು ಬಂದು ನೆಲೆಸಿದ ಕೆನಡಾದ ಬಯಲುಸೀಮೆ ಇದು. ಇಲ್ಲಿದ್ದು ಪಿಸಂಕಾ ನೋಡದೆ ಇರೋದೇ ಕಷ್ಟ. ನನಗೆ ಕಲಿಸಿದ್ದು ಪಕ್ಕದ ಬೀದಿಯ ಒಬ್ಬ ಅಜ್ಜಿ. ಉಕ್ರೇನಿನವರು ಅಜ್ಜಿಗೆ ಬಾಬಾ ಅಂತಾರೆ. "ಬಾಬಾ ಹತ್ತಿರ ಹೋಗ್ತಿದ್ದೀನಿ" ಅಂತ ಮೈಸೂರಿಗೆ ಫೋನಲ್ಲಿ ಹೇಳಿದಾಗ ಅಮ್ಮ ಶಿರಡಿ ಬಾಬಾ ಭಜನೆ ಅಂದುಕೊಂಡು ಸಂತೋಷಪಟ್ಟಳು. ಮೊಟ್ಟೆ ಅಂತ ಗೊತ್ತಾದ ಮೇಲೆ ಎರಡು ದಿನ ಮಾತಿಲ್ಲ.

ಬಾಬಾ ಮೊದಲ ದಿನ ಹೇಳಿದ್ದು, ಪಿಸಂಕಾ ಅನ್ನೋ ಹೆಸರೇ 'ಬರೆ' ಅನ್ನೋ ಮಾತಿನಿಂದ ಬಂದಿದ್ದು, ಬಣ್ಣ ಬಳಿಯೋದು ಅಂತ ಅನ್ನಬಾರದು ಅಂತ. ತರಗತಿಯಲ್ಲಿದ್ದ ಇಂಗ್ಲಿಷಿನವರಿಗೆ ಇದು ದೊಡ್ಡ ವಿಷಯ. ನನಗೆ ಏನೂ ಅನ್ನಿಸಲಿಲ್ಲ. ನಾವು ಚಿತ್ರ ಬರೆಯೋದೇ ಅಲ್ವಾ?

ಕಿಸ್ಟ್ಕಾ, ಅಂದರೆ ಕರಗಿದ ಮೇಣದಲ್ಲಿ ಬರೆಯೋ ಪೆನ್ನು, ಅದನ್ನು ಹಿಡಿಯೋದು, ಪ್ರತಿ ಬಣ್ಣದಲ್ಲೂ ಉಳಿಯಬೇಕಾದ ಜಾಗಕ್ಕೆ ಮೇಣ ಮುಚ್ಚುತ್ತಾ ಬಿಳಿ-ಹಳದಿ-ಕಿತ್ತಳೆ-ಕೆಂಪು-ಕಪ್ಪು ಕ್ರಮದಲ್ಲಿ ಹೋಗೋದು, ಇದೆಲ್ಲ ಬರೆಯುವವರಿಗೆ ಗೊತ್ತಿರೋದೇ. ಅದನ್ನು ಬಿಡೋಣ. ತೊಂದರೆ ಶುರುವಾಗೋದು ಬರೆದು ಮುಗಿದ ಮೇಲೆ. ಹಳಬರು ಹಸಿ ಮೊಟ್ಟೆ ಮೇಲೇ ಬರೆಯುತ್ತಾರೆ. ಕೆಲವರು ಹಾಗೇ ಇಡುತ್ತಾರೆ, ಒಳಗಿನದು ವರ್ಷಗಟ್ಟಲೆ ಒಣಗಿ ಗುಂಡಿನ ಹಾಗೆ ಗಲಗಲ ಅನ್ನುತ್ತೆ. ಕೆಲವರು ವಾರ್ನಿಷ್ ಆದ ಮೇಲೆ ಊದಿ ತೆಗೆಯುತ್ತಾರೆ. ಊದಿ ತೆಗೆಯುವಾಗ ನನ್ನದು ಒಡೆಯಿತು. ಒಂದಲ್ಲ, ಮೊದಲ ವರ್ಷ ಒಂಬತ್ತೋ ಹತ್ತೋ. ಒಂದು ಮೊಟ್ಟೆಗೆ ನನಗಾಗ ಹನ್ನೆರಡು ಗಂಟೆ ಹಿಡಿಯುತ್ತಿತ್ತು. ಒಳಗಿನದನ್ನು ಹಾಗೇ ಬಿಟ್ಟ ಒಂದು, ಬಿಸಿಲು ಬೀಳುವ ಕಪಾಟಿನಲ್ಲಿ ಜುಲೈ ತಿಂಗಳಲ್ಲಿ ಸಿಡಿಯಿತು. ವಾಸನೆ ಬಗ್ಗೆ ಬರೆಯಲ್ಲ.

ಅಷ್ಟರಲ್ಲಿ ಅಮ್ಮ ಆರು ತಿಂಗಳಿಗೆ ಅಂತ ಬಂದಳು. ನಮ್ಮದು ಮೊಟ್ಟೆ ಮುಟ್ಟದ ಮನೆ. "ಚಿಪ್ಪಾದ್ರೆ ಸರಿ, ಶಂಖ ಇಟ್ಟ ಹಾಗೆ. ಒಳಗಿನದು ಮಾತ್ರ ಮನೇಲಿ ಬೇಡ" ಅಂದಳು. ನನಗೂ ಅದೇ ಬೇಕಿತ್ತು. ಗರಾಜಿನಲ್ಲಿ ಊದಿ, ಒಳಗಿನದನ್ನು ಡಬ್ಬದಲ್ಲಿ ಬಾಬಾ ಮನೆಗೆ ಕೊಟ್ಟು, ಚಿಪ್ಪು ಮಾತ್ರ ಒಳಗೆ ತರೋದು ಅಂತಾಯಿತು. ಬಾಬಾ ಡಬ್ಬ ಇಸಕೊಂಡು ನಕ್ಕರು. "ಕೇಕಿಗಾಯ್ತು. ಬರೆಯೋಕೆ ಆಗಲ್ಲ, ನೋಡ್ತಿರು" ಅಂದರು.

ಬಾಬಾ ಹೇಳಿದ್ದೇ ಆಯಿತು. ಮೊದಲ ಡಜನ್ ಪೂರ್ತಿ ಹಾಳು.

ತೂತು ಒಂದೇ ಸಾಕು, ಕೆಳಗಡೆ, ಸಣ್ಣ ಕೈ ಡ್ರಿಲ್‌ನಿಂದ. ಮೆಡಿಕಲ್ ಸ್ಟೋರಿನ ಸಿರಿಂಜ್‌ನಲ್ಲಿ ಗಾಳಿ ತಳ್ಳಿದರೆ ಒಳಗಿನದು ತಾನಾಗಿ ಬರುತ್ತೆ. ಅವಸರ ಮಾಡಿದರೆ ಟಪ್. ಆಮೇಲೆ ನೀರು, ಸ್ವಲ್ಪ ವಿನೆಗರ್ ನೀರು ಹಾಕಿ ಅಲ್ಲಾಡಿಸಿ ತೊಳೆದು, ತೂತು ಕೆಳಗೆ ಮಾಡಿ ಎರಡು ದಿನ ಒಣಗಿಸೋದು. ನಾನು ಮೊದಲು ಒಂದೇ ರಾತ್ರಿ ಒಣಗಿಸಿದ್ದೆ, ಅದೇ ತಪ್ಪು. ಒಳಗೆ ನೀರಿದ್ದರೆ ಮುಂದೆ ಬಿಸಿ ಮಾಡುವಾಗ ಆವಿಯಾಗಿ ಹೊರಗೆ ಬರುತ್ತೆ, ಬಣ್ಣವನ್ನೂ ಎಳಕೊಂಡು ಬರುತ್ತೆ. ಒಣಗಿದ ಮೇಲೆ ತೂತಿಗೆ ಜೇನುಮೇಣದ ಬಿರಡೆ. ಬರೀ ಮೇಣ ಗಟ್ಟಿಯಾದ ಮೇಲೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತೆ. ನಾನು ಅದಕ್ಕೆ ಒಂದು ಪದಾರ್ಥ ಬೆರೆಸುತ್ತೇನೆ, ಎಲ್ಲರ ಅಡುಗೆಮನೆಯಲ್ಲೂ ಇರೋದು. ಅದು ನನ್ನ ಹತ್ತಿರಾನೇ ಇರಲಿ.

ಬಿರಡೆ ಹಾಕಿಯೂ ಒಳಗೆ ಬಣ್ಣ ಹೋಗುತ್ತಿತ್ತು. ಹೊರಗಿಂದ ನೋಡಿದರೆ ಬಿರಡೆ ಗಟ್ಟಿ. ಅಲ್ಲಾಡಿಸಿದರೆ ಒಳಗೆ ಚುಳುಚುಳು. ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ಗೊತ್ತಾಗಿದ್ದು ಜನವರಿಯ ಒಂದು ರಾತ್ರಿ. ಹೊರಗೆ ಮೈನಸ್ ಮೂವತ್ತು. ಬಣ್ಣದ ಬಾಟಲಿಗಳು ಬೇಸ್‌ಮೆಂಟ್‌ನ ಕಿಟಕಿ ಪಕ್ಕ, ಮುಟ್ಟಿದರೆ ಐಸ್. ಮೊಟ್ಟೆ ಎರಡು ಗಂಟೆ ನನ್ನ ಅಂಗೈಯಲ್ಲಿದ್ದು ಬೆಚ್ಚಗಿತ್ತು. ಕಪ್ಪು ಬಣ್ಣದಲ್ಲಿ ಅದ್ದಿದ ತಕ್ಷಣ ಒಳಗಿನ ಗಾಳಿ ಕುಗ್ಗುತ್ತೆ, ಬಿರಡೆಯ ಪಕ್ಕದಿಂದ ಬಣ್ಣ ಹೀರಿಕೊಳ್ಳುತ್ತೆ. ನಮ್ಮಲ್ಲಿ ಬಿಸಿ ಸಾರು ಹಾಕಿ ಮುಚ್ಚಿಟ್ಟ ಸ್ಟೀಲ್ ಡಬ್ಬದ ಮುಚ್ಚಳ ಆಮೇಲೆ ಬಿಗಿದುಕೊಂಡು ಬರಲ್ವಲ್ಲ, ಅದೇ. ಬಣ್ಣ ಬಿಸಿಯಿದ್ದರೆ ಉಲ್ಟಾ, ಗಾಳಿ ಹಿಗ್ಗಿ ಬಿರಡೆಯನ್ನೇ ತಳ್ಳುತ್ತೆ. ಈಗ ಬಣ್ಣ, ಮೊಟ್ಟೆ ಎರಡೂ ಒಂದೇ ಕೋಣೆಯಲ್ಲಿ. ಬರೆದ ಮೇಲೆ ಅರ್ಧ ಗಂಟೆ ಕೆಳಗಿಟ್ಟು ಆಮೇಲೆ ಅದ್ದುತ್ತೇನೆ. ಇಷ್ಟೇ. ಇದಾದ ಮೇಲೆ ಒಳಗೆ ಬಣ್ಣ ಹೋಗಿದ್ದು ಎರಡೋ ಮೂರೋ ಸಲ.

ತೇಲೋದು ಅಷ್ಟು ದೊಡ್ಡ ವಿಷಯವಲ್ಲ. ಸಣ್ಣ ಜಿಪ್ ಕವರಿನಲ್ಲಿ ನೀರು ತುಂಬಿ ಮೇಲಿಡಿ. ಮೆತ್ತಗಿರುತ್ತೆ, ಒತ್ತುತ್ತೆ. ಮುಟ್ಟಿದ ಜಾಗ ಪೇಲವವಾಗುತ್ತೆ, ಅದಕ್ಕೆ ಎರಡು ಮೂರು ನಿಮಿಷಕ್ಕೊಮ್ಮೆ ಮೊಟ್ಟೆ ತಿರುಗಿಸಬೇಕು. ನಾನು ಮೊದಲು ಗಾಜಿನ ಲೋಟ ಇಟ್ಟು ಮೊಟ್ಟೆ ಮೇಲೆ ಬಳೆಯಷ್ಟು ದುಂಡಗಿನ ಗುರುತು ಮಾಡಿಕೊಂಡಿದ್ದೆ.

ಇನ್ನು ಮೇಣ ಬಿಡಿಸೋದು. ಮೇಣದಬತ್ತಿ ಪಕ್ಕ ಹಿಡಿದು ಒರೆಸೋದು ಹಸಿ ಮೊಟ್ಟೆಗೆ ಸರಿ. ಟೊಳ್ಳಿಗೆ ಬೇಡ. ಒಂದೇ ಕಡೆ ಕಾದು, ಬಿರಡೆ ಹಾರಿ, ಒಳಗೆ ಹನಿ ಕಪ್ಪಿದ್ದರೂ ಬರೆದ ಹಳದಿ ಗೋಧಿ ತೆನೆಯ ಚಿತ್ರದ ಮೇಲೆ ಉಗುಳುತ್ತೆ. ಬಾಬಾ ಎಚ್ಚರಿಸಿದ್ದು ಇದನ್ನೇ. ನಾನು ಹಲಗೆಗೆ ಮೊಳೆ ಹೊಡೆದು, ಸೂಜಿಯಿಂದ ಬಿರಡೆ ಕಿತ್ತು, ತೂತು ಕೆಳಗೆ ಮಾಡಿ ಮೊಳೆಗಳ ಮೇಲೆ ಮೊಟ್ಟೆ ಕೂರಿಸಿ ಓವನ್‌ನಲ್ಲಿಡುತ್ತೇನೆ. ಸುಮಾರು 200 ಫ್ಯಾರನ್‌ಹೀಟ್, ಹತ್ತು ನಿಮಿಷ. ಮೇಣ ಹೊಳೆಯೋಕೆ ಶುರುವಾದ ತಕ್ಷಣ ತೆಗೆದು ಟಿಶ್ಯೂದಲ್ಲಿ ಒಂದೇ ಸಲ ಒರೆಸೋದು. ಉಜ್ಜಬೇಡಿ. ಕಪ್ಪು ಪೊರೆ ಜಾರಿ ಒಳಗಿಂದ ಬಣ್ಣ ಎದ್ದು ಬರೋ ಆ ಒಂದು ನಿಮಿಷಕ್ಕೇ ಇಷ್ಟೆಲ್ಲ ಪಾಡು. ಒಮ್ಮೆ ಓವನ್‌ನಲ್ಲಿಟ್ಟು ತಂಗಿ ಜೊತೆ ಫೋನಲ್ಲಿ ಕೂತುಬಿಟ್ಟೆ. ಆರು ಮೊಟ್ಟೆಯ ಬಿಳಿ ಗೆರೆಯೆಲ್ಲ ಕಾಫಿ ಕಲೆಯ ಹಾಗಾಯಿತು.

ದುಡ್ಡಿನ ವಿಷಯಕ್ಕೆ ಬರೋಣ. ಮೊದಲ ವರ್ಷ ನಾನೂರು ಡಾಲರ್ ಹತ್ತಿರ ಹೋಗಿದೆ. ಅದರಲ್ಲಿ ನೂರಕ್ಕೂ ಜಾಸ್ತಿ ಒಂದು ಕರೆಂಟ್ ಕಿಸ್ಟ್ಕಾಗೆ. ಬೇಕಿರಲಿಲ್ಲ ಅಂತ ಈಗ ಅನ್ನಿಸಲ್ಲ, ಆಗ ಬೇಕಿರಲಿಲ್ಲ. ಅಂಗಡಿಯಲ್ಲಿ ಸಿಗುವ ಮೊಟ್ಟೆ ಇಲ್ಲಿ ತೊಳೆದೇ ಬರುತ್ತೆ, ಬಣ್ಣ ತೇಪೆ ತೇಪೆಯಾಗಿ ಹತ್ತುತ್ತೆ. ರೈತರ ಸಂತೆಯಲ್ಲಿ ಡಜನ್‌ಗೆ ಒಂದೆರಡು ಡಾಲರ್ ಜಾಸ್ತಿ ಕೊಟ್ಟರೆ ಆ ಕಾಟವಿಲ್ಲ. ಅತಿ ದುಬಾರಿ ಪಾಠ ವಾರ್ನಿಷಿನದು. ವಾಸನೆ ಬರಲ್ಲ ಅಂತ ನೀರಿನ ವಾರ್ನಿಷ್ ತಂದೆ. ಬಣ್ಣವೇ ನೀರಿನಲ್ಲಿ ಕರಗೋದು, ಅದರ ಮೇಲೆ ನೀರಿನ ವಾರ್ನಿಷ್! ಎಂಟು ಮೊಟ್ಟೆ ಹೋಳಿ ಆಡಿದವು. ಆಯಿಲ್ ವಾರ್ನಿಷ್ಷೇ ಹಾಕಿ, ಕಿಟಕಿ ತೆಗೆದಿಡಿ. ಈಗ ಒಂದು ಮೊಟ್ಟೆ ಮೂವತ್ತು ಡಾಲರ್‌ಗೆ ಹೋಗುತ್ತೆ. ಗಂಟೆ ಲೆಕ್ಕ ಹಾಕಬೇಡಿ, ಬೇಜಾರಾಗುತ್ತೆ. ಕಳೆದ ವರ್ಷ ಒಂದು ಅಂಗಡಿಗೆ ಹತ್ತು ಕೊಟ್ಟೆ. ಬಿಸಿಲಿಗೆ ಇಡಬೇಡಿ ಅಂದಿದ್ದೆ, ಕಿಟಕಿಯಲ್ಲೇ ಇಟ್ಟರು. ಮೂರು ತಿಂಗಳಿಗೆ ಕೆಂಪೆಲ್ಲ ಬಿಳಚಿಕೊಂಡು ವಾಪಸ್ ಬಂತು.

ಬೇರೆ ಬಣ್ಣಗಳಿಗೆ ಹಾಕುವ ಹಾಗೆ ಕಿತ್ತಳೆ ಬಣ್ಣಕ್ಕೆ ವಿನೆಗರ್ ಹಾಕಬೇಡಿ, ಅದು ವಿನೆಗರ್ ಇಲ್ಲದೇ ಚೆನ್ನಾಗಿ ಹತ್ತುತ್ತೆ. ನಡುವೆ ಹೇಳೋದು ಮರೆತಿದ್ದೆ.

ಸುಮ್ನೆ ಕೂರಲಾಗದೆ ಮಾಡಿದ ಪ್ರಯೋಗಗಳು ಎರಡು. ಇಂಡಿಯನ್ ಅಂಗಡಿಯ ಈರುಳ್ಳಿ ತೊಟ್ಟಿಯ ತಳದಲ್ಲಿ ಸಿಪ್ಪೆ ಪುಕ್ಕಟೆ ಸಿಗುತ್ತೆ. ಉಕ್ರೇನಿನವರು ತಿನ್ನೋ ಮೊಟ್ಟೆ, ಅಂದರೆ ಕ್ರಶಂಕಾ, ಬೇಯಿಸಿ ಬಣ್ಣ ಮಾಡೋದು ಇದರಲ್ಲೇ. ಆದರೆ ಪಿಸಂಕಾಗೆ ಆರಿಸಿದ ಕಷಾಯವೇ ಬೇಕು, ಬಿಸಿ ಇದ್ದರೆ ಮೇಣ ಹೋಗುತ್ತೆ. ರಾತ್ರಿಯಿಡೀ ನೆನೆಸಿದರೆ ಹಳೇ ತಾಮ್ರದ ಬಣ್ಣ. ಇನ್ನೊಂದು ಅರಿಶಿನ. ಹಳದಿ ಚೆನ್ನಾಗಿ ಹತ್ತಿತು. ಆಗ ಆರತಿ ನೀರು ನೆನಪಾಯಿತು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಲ್ವಾ? ಹಳದಿ ಮೊಟ್ಟೆಯನ್ನು ಸುಣ್ಣದ ತಿಳಿಯಲ್ಲಿ ಅದ್ದಿದೆ. ಕುಂಕುಮದಂಥ ಕೆಂಪು ಬಂತು, ಕುಣಿದಾಡಿಬಿಟ್ಟೆ. ಮಾರನೇ ದಿನ ಇಟ್ಟಿಗೆ ಬಣ್ಣ, ತಿಂಗಳಿಗೆ ಹಳೇ ಪಂಚೆಯ ಬಣ್ಣ. ಬಾಬಾಗೆ ಫೋಟೋ ತೋರಿಸಿ ಕೊಚ್ಚಿಕೊಂಡಾಗಿತ್ತು, ವಾಪಸ್ ತಗೊಳ್ಳೋಕಾಗಲಿಲ್ಲ.

ಅಮ್ಮ ವಿಷಯ ಅರ್ಧಕ್ಕೆ ಬಿಟ್ಟೆ. ಅವಳು ಮೂರು ತಿಂಗಳು ದೂರದಿಂದಲೇ ನೋಡಿದಳು. ನಾನು ಸೊರೊಕೊಕ್ಲಿನ್ ಅನ್ನೋ 'ನಲವತ್ತು ತ್ರಿಕೋನ'ದ ವಿನ್ಯಾಸ ಬರೆದಿದ್ದೆ. ಕನ್ನಡಕ ಹಾಕಿಕೊಂಡು, ಮೊದಲ ಸಲ ಮೊಟ್ಟೆ ಕೈಗೆ ತಗೊಂಡು, ಬೆರಳಿಟ್ಟು ಎಣಿಸಿದಳು. "ನಲವತ್ತೆಂಟಿದೆ" ಅಂದಳು. ನಾನೂ ಎಣಿಸಿದೆ, ನಲವತ್ತೆಂಟೇ. ಹೆಸರಿಗೆ ನಲವತ್ತು, ಗೆರೆ ಎಳೆದರೆ ಬರೋದು ನಲವತ್ತೆಂಟು. "ಈ ಸಾಲು ಸೊಟ್ಟ. ಚುಕ್ಕಿ ಇಟ್ಕೊಂಡು ಮಾಡಬಾರದಾ?" ಐವತ್ತು ವರ್ಷ ಬಾಗಿಲಿಗೆ ರಂಗೋಲಿ ಹಾಕಿದವಳು. ಪೆನ್ಸಿಲ್ ಗೆರೆ ಬಿಟ್ಟು ಮೇಣದ ಚುಕ್ಕಿಯಿಂದ ಅಳತೆ ಹಿಡಿಯೋದು ನಾನು ಶುರು ಮಾಡಿದ್ದು ಅವತ್ತಿಂದ. ವಿನ್ಯಾಸದೊಳಗೆ ಆ ಚುಕ್ಕಿ ಕಾಣದ ಹಾಗೆ ಎಲ್ಲಿಡಬೇಕು ಅನ್ನೋದನ್ನು ಮಾತ್ರ ಕೇಳಬೇಡಿ.

ಒಂದು ಭಾನುವಾರ ಅವಳನ್ನು ವೆಗ್ರೆವಿಲ್‌ಗೆ ಕರಕೊಂಡು ಹೋದೆ, ಇಲ್ಲಿಂದ ಪೂರ್ವಕ್ಕೆ ನೂರು ಕಿಲೋಮೀಟರ್. 1975ರಲ್ಲಿ ನಿಲ್ಲಿಸಿದ ಅಲ್ಯೂಮಿನಿಯಂ ಪಿಸಂಕಾ ಇದೆ, ಮೂವತ್ತು ಅಡಿಗಿಂತ ಎತ್ತರ, ಗಾಳಿಗೆ ತಿರುಗುತ್ತೆ. ಅಮ್ಮ ಸುತ್ತು ಹಾಕಿ ಬಂದು, "ತೂತು ಎಲ್ಲಿ ಹೊಡೆದಿದ್ದಾರೆ?" ಅಂತ ಕೇಳಿದಳು.

ಊರಿಗೆ ವಾಪಸ್ ಹೋಗುವಾಗ ಏಳು ಮೊಟ್ಟೆ ಬೇಕು ಅಂದಳು. ಬಬಲ್ ಕವರ್ ನಾನು ತಂದಿದ್ದು ಅವಳಿಗೆ ಹಿಡಿಸಲಿಲ್ಲ. ಸ್ಟೀಲ್ ಡಬ್ಬದಲ್ಲಿ ಕಡಲೆಪುರಿ ತುಂಬಿ, ಅದರೊಳಗೆ ಒಂದೊಂದಾಗಿ ಹುಗಿದಿಟ್ಟಳು. ಆರು ಸರಿಯಾಗಿ ಮೈಸೂರು ಮುಟ್ಟಿದವು. ಹಸಿ ಮೊಟ್ಟೆಯಾಗಿದ್ದರೆ ಈ ಮಾತೇ ಬರುತ್ತಿರಲಿಲ್ಲ, ಬಾಬಾಗೆ ಅದನ್ನೂ ಹೇಳಿದೆ. ಈ ವರ್ಷ ಮಾರ್ಚ್‌ನಲ್ಲಿ ಅವರೇ ಗರಾಜಿಗೆ ಬಂದು ಸಿರಿಂಜ್ ಹಿಡಿದು ಮೂರು ಒಡೆದು ಹೋಗಿದ್ದಾರೆ.

ಮೈಸೂರಿನ ಆರೂ ಕಳೆದ ದಸರಾದಲ್ಲಿ ಗೊಂಬೆ ಮೆಟ್ಟಿಲಿನ ಮೇಲೆ, ಪಟ್ಟದ ಗೊಂಬೆಯ ಎರಡು ಮೆಟ್ಟಿಲು ಕೆಳಗೆ ಕೂತಿದ್ದವು. ನೋಡೋಕೆ ಬಂದ ಮಡಿ ಹೆಂಗಸರು ಇದೇನು ಅಂತ ಕೇಳಿದರೆ ಅಮ್ಮ ಚನ್ನಪಟ್ಟಣದ್ದು, ಮರದ್ದು ಅಂತಿದ್ದಳಂತೆ.