ಸೈನಿಕರ ಮಕ್ಕಳಿಗೆ ಪತ್ತೇದಾರಿ ಕತೆ: ನನ್ನ ಅನುಭವ

ಅಪ್ಪನಿಗೋ ಅಮ್ಮನಿಗೋ ಪೋಸ್ಟಿಂಗ್ ಬಂತು ಅಂದರೆ ಸೈನಿಕರ ಮಕ್ಕಳಿಗೆ ಮನೆ ಬದಲಾಗುತ್ತದೆ, ಶಾಲೆ ಬದಲಾಗುತ್ತದೆ, ಪಕ್ಕದಲ್ಲಿ ಕೂರುವ ಗೆಳತಿಯೂ ಬದಲಾಗುತ್ತಾಳೆ. ಇಂಥ ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸುತ್ತ ನಾನು ಒಂದು ವಿಷಯ ಗಮನಿಸಿದೆ. ಹೊಸದಾಗಿ ಬಂದ ಮಗುವಿನ ಕಣ್ಣು ಬಹಳ ಚುರುಕು. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾವ ಬಾಗಿಲಿಗೆ ಯಾವಾಗಲೂ ಬೀಗ, ಯಾವ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ, ಎಲ್ಲ ಅದಕ್ಕೆ ಕಾಣುತ್ತದೆ. ಮೊದಲಿನಿಂದ ಅಲ್ಲೇ ಇರುವವರಿಗೆ ಇವು ಕಾಣುವುದೇ ಇಲ್ಲ. ಮತ್ತೆ ಮತ್ತೆ ಊರು ಬಿಡುವುದು ಈ ಮಕ್ಕಳಿಗೆ ಕಷ್ಟವೇ. ಆದರೆ ಅದೇ ಅವರಿಗೆ ಒಳ್ಳೆಯ ಪತ್ತೇದಾರನ ಕಣ್ಣು ಕೊಟ್ಟಿದೆ. ಆ ಕಣ್ಣಿಗೆ ತಕ್ಕ ಕತೆ ಬರೆಯಬೇಕು ಅನ್ನಿಸಿತು.

ಕೆನಡಾದ ಸಂಸತ್ತಿನಲ್ಲಿ ಸ್ಮರಣೆಯ ಪುಸ್ತಕಗಳು ಅಂತ ಇವೆ. ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಅವುಗಳಲ್ಲಿ ಬರೆದಿಟ್ಟಿದ್ದಾರೆ. ದಿನಾ ಬೆಳಿಗ್ಗೆ 11 ಗಂಟೆಗೆ ಹಾಳೆ ತಿರುಗಿಸುತ್ತಾರೆ. ಇದನ್ನು ಓದಿದಾಗ ನನಗೆ ಕತೆಯ ಬೀಜ ಸಿಕ್ಕಿತು. ಒಂದು ಸೇನಾ ನೆಲೆಯ ಚಾಪೆಲ್. ಗಾಜಿನ ಪೆಟ್ಟಿಗೆಯಲ್ಲಿ ಹೆಸರುಗಳ ದೊಡ್ಡ ಪುಸ್ತಕ. ಫಾದರ್ ದಿನಾ ಒಂದು ಹಾಳೆ ತಿರುಗಿಸುತ್ತಾರೆ. ಆದರೆ ಮರುದಿನ ಬಂದು ನೋಡಿದರೆ ಅದೇ ಹಳೆಯ ಹಾಳೆ ತೆರೆದಿರುತ್ತದೆ. ಏನೂ ಕಳುವಾಗಿಲ್ಲ, ಏನೂ ಹರಿದಿಲ್ಲ. ಯಾರೋ ಹಾಳೆಯನ್ನು ಹಿಂದಕ್ಕೆ ತಿರುಗಿಸುತ್ತಿದ್ದಾರೆ, ಅಷ್ಟೇ. ಕತೆಯ ಹುಡುಗಿ ರೂತ್, ಆ ಕ್ವಾರ್ಟರ್ಸ್‌ಗೆ ಹೊಸಬಳು.

ಕೊಲೆ, ದರೋಡೆ ನನಗೆ ಬೇಡವಾಗಿತ್ತು. ಮನೆಯಲ್ಲಿ ಕೋವಿ, ಗಾಯ, ಸಾವಿನ ಮಾತು ಕೇಳುತ್ತಲೇ ಬೆಳೆಯುವ ಮಕ್ಕಳಿಗೆ ಕತೆಯಲ್ಲೂ ಅದನ್ನೇ ಯಾಕೆ ಕೊಡಬೇಕು? ಸಣ್ಣ ಗುಟ್ಟು ಸಾಕು. ಅದರ ಹಿಂದಿನ ಕಾರಣ ಮಾತ್ರ ದೊಡ್ಡದಾಗಿರಬೇಕು.

ಜಾಸ್ತಿ ಹೊತ್ತು ಹಿಡಿದದ್ದು ಸುಳಿವಿನ ಕೆಲಸ. ಹಾಳೆಯ ಮೂಲೆಯಲ್ಲಿ ರೂತ್‌ಗೆ ಒಂದು ಕಪ್ಪು ಕಲೆ ಕಾಣುತ್ತದೆ. ಮೂಸಿ ನೋಡುತ್ತಾಳೆ. ಹಿತ್ತಾಳೆ ಪಾಲಿಷ್. ಆ ವಾಸನೆ ಅವಳಿಗೆ ಚೆನ್ನಾಗಿ ಗೊತ್ತು. ಅಪ್ಪನ ಬೆಲ್ಟಿನ ಬಕಲ್ ಉಜ್ಜುವುದು ಅವಳದೇ ಕೆಲಸ. ತೊಂದರೆ ಏನೆಂದರೆ ಆ ನೆಲೆಯಲ್ಲಿ ಎಲ್ಲರ ಮನೆಯಲ್ಲೂ ಹಿತ್ತಾಳೆ ಪಾಲಿಷ್ ಇದೆ! ಹಾಗಾಗಿ ಸುಳಿವು ಸಿಕ್ಕರೂ ಎಲ್ಲರ ಮೇಲೂ ಅನುಮಾನ. ಪೆಟ್ಟಿಗೆಯ ಹತ್ತಿರ ಸುಳಿದಾಡುತ್ತಿದ್ದ ಸ್ಯಾಮ್ಯುಯೆಲ್ ಎಂಬ ಹುಡುಗನ ಮೇಲೆ ಅವಳ ಕಣ್ಣು ಬೀಳುತ್ತದೆ. ಅವನ ಬೆರಳಲ್ಲೂ ಅದೇ ವಾಸನೆ.

ಆಮೇಲೆ ಇಡೀ ಯೂನಿಟ್ ಕವಾಯತಿಗೆ ಅಂತ ದೂರ ಹೋಗುತ್ತದೆ. ಬೂಟು, ಬೆಲ್ಟು, ಪಾಲಿಷ್ ಡಬ್ಬಿ ಎಲ್ಲವೂ ಅಪ್ಪಂದಿರ ಟ್ರಂಕಿನಲ್ಲಿ ಹೋಗುತ್ತವೆ. ಸ್ಯಾಮ್ಯುಯೆಲ್ ಮನೆಯ ಡಬ್ಬಿಯೂ ಹೋಯಿತು. ಆದರೆ ಮರುದಿನ ಹಾಳೆಯ ಮೇಲೆ ಹೊಸ ಕಲೆ. ಇನ್ನೂ ಒಣಗಿಲ್ಲ. ಹಾಗಾದರೆ ಈಗ ನೆಲೆಯಲ್ಲಿ ಹಿತ್ತಾಳೆ ಉಜ್ಜುತ್ತಿರುವವರು ಯಾರು? ಚಾಪೆಲ್‌ನ ಮೇಣದಬತ್ತಿ ಕಂಬಗಳನ್ನು ದಿನಾ ಉಜ್ಜುವ ತಾತ. ಹಿಂದೆ ಸೈನಿಕನಾಗಿದ್ದವನು. ಆ ಹಾಳೆಯಲ್ಲಿ ಅವನ ಗೆಳೆಯನ ಹೆಸರಿದೆ.

ಯೂನಿಟ್ ಹೊರಟಾಗ ಮನೆಯಿಂದ ಏನೇನು ಹೋಗುತ್ತದೆ ಅನ್ನುವುದು ಸೈನಿಕರ ಮನೆಯ ಮಗುವಿಗೆ ಹೇಳಿಕೊಡದೆ ಗೊತ್ತು. ಬೇರೆ ಮಕ್ಕಳಿಗಿಂತ ಮುಂಚೆ ಉತ್ತರ ಅವರಿಗೇ ಹೊಳೆಯಬೇಕು. ಅದು ನನ್ನ ಆಸೆಯಾಗಿತ್ತು.

ಹಸ್ತಪ್ರತಿ ಓದಿದ ಗೆಳತಿಯೊಬ್ಬಳು, "ಕ್ರಿಶ್ಚಿಯನ್ ಕತೆ ಅಲ್ವಾ, ರೂತ್ ಪ್ರಾರ್ಥನೆ ಮಾಡಲಿ, ಕನಸಲ್ಲಿ ತಾತ ಕಾಣಲಿ" ಅಂದಳು. ನಾನು ಒಪ್ಪಲಿಲ್ಲ. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಲೇಖಕ 1929ರಲ್ಲಿ ಪತ್ತೇದಾರಿ ಕತೆಗೆ ಹತ್ತು ನಿಯಮ ಬರೆದ. ಅದರಲ್ಲಿ ಎರಡನೆಯದು, ದೈವಿಕ ಶಕ್ತಿಯೋ ಮಾಯೆಯೋ ಬಂದು ಗುಟ್ಟು ಬಿಡಿಸಬಾರದು ಅಂತ. ಎಂಟನೆಯದು, ಪತ್ತೇದಾರನಿಗೆ ಸಿಕ್ಕ ಸುಳಿವು ತಕ್ಷಣ ಓದುಗನಿಗೂ ಸಿಗಬೇಕು ಅಂತ. ನಾಕ್ಸ್ ಸ್ವತಃ ಕ್ಯಾಥೊಲಿಕ್ ಪಾದ್ರಿ. ದೇವರ ಮೇಲೆ ನಂಬಿಕೆ ಕಡಿಮೆಯಾಗಿ ಅವನು ಇದನ್ನು ಬರೆದದ್ದಲ್ಲ.

ನನಗೆ ಇದಕ್ಕಿಂತ ದೊಡ್ಡ ಕಾರಣ ಇತ್ತು. ಈ ಮಕ್ಕಳು ದಿನಾ ರಾತ್ರಿ ಒಂದೇ ಪ್ರಾರ್ಥನೆ ಮಾಡುತ್ತಾರೆ: ಅಪ್ಪ ಹುಷಾರಾಗಿ ವಾಪಸ್ ಬರಲಿ. ಕತೆಯಲ್ಲಿ ಪ್ರಾರ್ಥಿಸಿದ ಕೂಡಲೇ ಉತ್ತರ ಸಿಕ್ಕಿಬಿಟ್ಟರೆ, ತನಗೆ ಯಾಕೆ ಸಿಗಲಿಲ್ಲ ಅಂತ ಮಗು ಕೇಳಿಕೊಳ್ಳುತ್ತದೆ. ತಾನೇ ಸರಿಯಾಗಿ ಪ್ರಾರ್ಥಿಸಲಿಲ್ಲವೇನೋ ಅಂದುಕೊಳ್ಳುತ್ತದೆ. ಆ ಹೊರೆ ನಾನು ಯಾವ ಮಗುವಿನ ಮೇಲೂ ಹೊರಿಸಲಾರೆ. ಹಾಗಾಗಿ ನನ್ನ ರೂತ್ ಪ್ರಾರ್ಥಿಸುತ್ತಾಳೆ, ಆದರೆ ಧೈರ್ಯಕ್ಕಾಗಿ. ಕತ್ತಲೆಯ ಚಾಪೆಲ್‌ಗೆ ಒಬ್ಬಳೇ ಹೋಗುವ ಮುಂಚೆ. ಸುಳಿವನ್ನು ಅವಳೇ ಹುಡುಕುತ್ತಾಳೆ.

ಬೈಬಲ್‌ನಲ್ಲೂ ಇದು ಹೀಗೇ ಇದೆ. ಕ್ಯಾಥೊಲಿಕ್ ಬೈಬಲ್‌ನ ದಾನಿಯೇಲನ 14ನೇ ಅಧ್ಯಾಯ ನೋಡಿ. ಬೇಲ್ ದೇವರ ವಿಗ್ರಹ ರಾತ್ರಿ ಊಟ ಮಾಡುತ್ತದೆ ಅಂತ ಪೂಜಾರಿಗಳು ರಾಜನನ್ನು ನಂಬಿಸಿರುತ್ತಾರೆ. ದಾನಿಯೇಲ ಗುಡಿಯ ನೆಲದ ಮೇಲೆ ಬೂದಿ ಚೆಲ್ಲಿಸುತ್ತಾನೆ, ಬಾಗಿಲಿಗೆ ಮುದ್ರೆ ಹಾಕಿಸುತ್ತಾನೆ. ಬೆಳಿಗ್ಗೆ ಬೂದಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳ ಹೆಜ್ಜೆ ಗುರುತು! ಸಿಂಹದ ಗವಿಯಲ್ಲೂ ದೇವರನ್ನು ನಂಬಿದ ಅದೇ ದಾನಿಯೇಲ ಇಲ್ಲಿ ಬೂದಿ ಚೆಲ್ಲಿ ಕಳ್ಳರನ್ನು ಹಿಡಿಯುತ್ತಾನೆ. ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ ದಾನಿಯೇಲ 12ನೇ ಅಧ್ಯಾಯಕ್ಕೇ ಮುಗಿಯುತ್ತದೆ. ನನ್ನ ತರಗತಿಗೆ ಎರಡೂ ಸಭೆಗಳ ಮಕ್ಕಳು ಬರುತ್ತಾರೆ. ಅದಕ್ಕೇ ಕತೆಯೊಳಗೆ ಇಬ್ಬರಿಗೂ ಗೊತ್ತಿರುವ ಆದಿಕಾಂಡ 44ನೇ ಅಧ್ಯಾಯ ತಂದೆ. ಯೋಸೇಫನ ಬೆಳ್ಳಿ ಬಟ್ಟಲು ಬೆನ್ಯಾಮೀನನ ಚೀಲದಲ್ಲಿ ಸಿಗುತ್ತದೆ, ಆದರೆ ಅವನು ಕದ್ದಿರುವುದಿಲ್ಲ. ಬೆರಳಲ್ಲಿ ವಾಸನೆ ಇದ್ದ ಮಾತ್ರಕ್ಕೆ ಸ್ಯಾಮ್ಯುಯೆಲ್ ತಪ್ಪುಗಾರನಾಗುವುದಿಲ್ಲ ಅಂತ ರೂತ್‌ಗೆ ಹೊಳೆಯುವುದು ಈ ಕತೆ ನೆನಪಾದಾಗ.

ಗುಟ್ಟಿನ ವಿಷಯದಲ್ಲಿ ಇನ್ನೊಂದು ಎಚ್ಚರ ಇಟ್ಟುಕೊಂಡೆ. ಪತ್ತೇದಾರಿ ಕತೆಯಲ್ಲಿ ಗುಟ್ಟು ಅಂದರೆ ಬಯಲಿಗೆ ಬರಬೇಕಾದದ್ದು. ಸೈನಿಕರ ಮನೆಯಲ್ಲಿ ಹಾಗಲ್ಲ. ಅಪ್ಪ ಎಲ್ಲಿದ್ದಾರೆ, ಯಾವಾಗ ಬರುತ್ತಾರೆ ಅನ್ನುವುದನ್ನು ಅಮ್ಮ ಹೇಳದೇ ಇರಬಹುದು. ಅದು ಸುಳ್ಳಲ್ಲ, ಅಪ್ಪನನ್ನೂ ಜೊತೆಯವರನ್ನೂ ಕಾಯುವ ಮೌನ. ಹಾಗಾಗಿ ರೂತ್ ಅಪ್ಪನ ಯೂನಿಟ್ ಎಲ್ಲಿದೆ ಅಂತ ಹುಡುಕುವುದಿಲ್ಲ. ಅಂಗಡಿಯಲ್ಲಿ ಯಾರೋ "ಅಪ್ಪ ಯಾವಾಗ ಬರ್ತಾರಮ್ಮ?" ಅಂತ ಕೇಳಿದಾಗ, "ಬರ್ತಾರೆ" ಅಂತಷ್ಟೇ ಹೇಳಿ ಬ್ರೆಡ್ ತಗೊಂಡು ಹೊರಡುತ್ತಾಳೆ. ಯೂನಿಟ್‌ಗೆ ನಾನು ಹೆಸರೂ ಇಟ್ಟಿಲ್ಲ, ಗುರುತೂ ಕೊಟ್ಟಿಲ್ಲ.

ಕೊನೆಗೆ ಅಪ್ಪನನ್ನು ಮನೆಗೆ ಕರೆಸುವ ಆಸೆ ಬಲವಾಗಿಯೇ ಇತ್ತು. ಕಣ್ಣೀರು ಬರಿಸುವುದು ಸುಲಭ. ಆದರೆ ಓದುವ ಮಗುವಿನ ಅಪ್ಪ ಇನ್ನೂ ಬಂದಿಲ್ಲದಿದ್ದರೆ? ಬರದೇ ಹೋದರೆ? ಅದಕ್ಕೇ ಅಪ್ಪನನ್ನು ಕತೆಯ ನಡುವೆ ಒಂದು ಫೋನ್ ಕರೆಯಲ್ಲಿ ಮಾತ್ರ ತಂದೆ. ಲೈನ್ ಸರಿ ಇಲ್ಲ. ಅರ್ಧ ಮಾತು ಕೇಳಿಸುತ್ತದೆ, ಅರ್ಧ ಇಲ್ಲ. ಸಾಂತ್ವನದ ಮಾತು ಅವರೂ ಹೇಳುವುದಿಲ್ಲ, ಅವಳೂ ಕೇಳುವುದಿಲ್ಲ. "ಬಕಲ್ ಉಜ್ಜೋಕೆ ಈಗ ನೀನಿಲ್ಲ ನೋಡು, ನಾನೇ ಉಜ್ಜಬೇಕು" ಅನ್ನುತ್ತಾರೆ ಅಪ್ಪ. ಡಬ್ಬಿ ಹೋಗಿದೆ ಅನ್ನುವ ಸುಳಿವು ಅಲ್ಲೇ ಬಚ್ಚಿಟ್ಟಿದ್ದೇನೆ.

ಫಾದರ್ ಪಾತ್ರವೂ ಯೋಚನೆ ಮಾಡಿ ಬರೆದದ್ದು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಯಾರಿಗೂ ಹೇಳುವಂತಿಲ್ಲ. ತಾತ ಅವರ ಹತ್ತಿರ ಹೇಳಿಕೊಂಡಿದ್ದರೆ, ಸ್ಯಾಮ್ಯುಯೆಲ್ ಮೇಲೆ ಅಪವಾದ ಬಂದಾಗಲೂ ಅವರು ಸುಮ್ನೆ ನೋಡುತ್ತ ಕೂರಬೇಕಾಗುತ್ತಿತ್ತು. ಎಂಟೊಂಬತ್ತು ವರ್ಷದ ಓದುಗರಿಗೆ ಅದು ಭಾರ. ಹಾಗಾಗಿ ಫಾದರ್‌ಗೂ ಉತ್ತರ ಗೊತ್ತಿಲ್ಲ. ಅವರ ಕೈಗೆ ಆಯುಧವನ್ನೂ ಕೊಟ್ಟಿಲ್ಲ. 1949ರ ಜಿನೀವಾ ಒಪ್ಪಂದ ಸೇನೆಯ ಪಾದ್ರಿಗಳಿಗೆ ರಕ್ಷಣೆ ಕೊಡುವುದು ಅವರು ಹೋರಾಡುವವರಲ್ಲ ಅನ್ನುವ ಕಾರಣಕ್ಕೆ. ಇಂಥದ್ದು ತಪ್ಪಾದರೆ ಈ ಮಕ್ಕಳು ಕೂಡಲೇ ಹಿಡಿಯುತ್ತಾರೆ.

ಮಕ್ಕಳಿಗೆ ಒಂದೊಂದೇ ಅಧ್ಯಾಯ ಓದಿ ಹೇಳಿದೆ. ಕೊನೆಯ ಅಧ್ಯಾಯಕ್ಕೆ ಮುಂಚೆ ನಿಲ್ಲಿಸಿ, ಯಾರು ಅಂತ ಚೀಟಿಯಲ್ಲಿ ಬರೆಯಿರಿ ಅಂದೆ. ಕೆಲವರು ತಾತ ಅಂತ ಬರೆದರು, ಹೆಚ್ಚಿನವರು ಸ್ಯಾಮ್ಯುಯೆಲ್ ಅಂತ. ನನಗೆ ಬೇಕಾದದ್ದೂ ಅದೇ. ಎಲ್ಲರಿಗೂ ಗೊತ್ತಾದರೆ ಸುಳಿವು ಜಾಸ್ತಿ ಆಯಿತು, ಯಾರಿಗೂ ಗೊತ್ತಾಗದಿದ್ದರೆ ಕಡಿಮೆ ಆಯಿತು ಅಂತ ಅರ್ಥ.

ಆಗ ಇದ್ದ ಕೊನೆಯಲ್ಲಿ ತಾತ ಎಲ್ಲರ ಮುಂದೆ ಕ್ಷಮೆ ಕೇಳುತ್ತಿದ್ದ. ಓದಿ ಮುಗಿಸಿದಾಗ ಒಬ್ಬ ಹುಡುಗ ಕೈ ಎತ್ತಿದ. "ಟೀಚರ್, ತಾತ ಫ್ರೆಂಡ್ ಹೆಸರು ನೋಡಿದ್ದು ತಪ್ಪಾ? ಕ್ಷಮೆ ಕೇಳಬೇಕಾದ್ದು ರೂತ್ ಅಲ್ವಾ? ಸ್ಯಾಮ್ಯುಯೆಲ್ ಹತ್ತಿರ?" ಅಂದ. ನಾನು ಕೊನೆಯ ಅಧ್ಯಾಯವನ್ನು ಪೂರ್ತಿ ಬದಲಾಯಿಸಿದೆ. ಈಗ ರೂತ್ ಸ್ಯಾಮ್ಯುಯೆಲ್ ಮನೆಯ ಬಾಗಿಲು ತಟ್ಟುತ್ತಾಳೆ. ಅವನು ಕೂಡಲೇ ಕ್ಷಮಿಸುವುದಿಲ್ಲ. "ನಾಳೆ ಹೇಳ್ತೀನಿ" ಅಂತ ಬಾಗಿಲು ಹಾಕಿಕೊಳ್ಳುತ್ತಾನೆ. ಮರುದಿನ ಚಾಪೆಲ್‌ನಲ್ಲಿ ಅವಳ ಪಕ್ಕ ಬಂದು ಕೂರುತ್ತಾನೆ. ಫಾದರ್ ಹಾಳೆ ತಿರುಗಿಸುವ ಮುಂಚೆ ತಾತನನ್ನು ಕರೆದು, ಗೆಳೆಯನ ಹೆಸರನ್ನು ಗಟ್ಟಿಯಾಗಿ ಓದಲು ಹೇಳುತ್ತಾರೆ.